ತಿಲ್ಲಮ್ಮ ಕೆಳಗಿಳಿಯುವ ತನಕ

ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋಗಿ ಬಂದವಳು ಗೋಲ್ಡನ್ ಗೇಟ್ ಸೇತುವೆ ಹೇಗಿದೆ ಎಂದು ಹೇಳಬೇಕು. ನನಗೆ ಗೊತ್ತಿಲ್ಲ. ಎರಡು ಸಲ ಹೋದೆವು, ಎರಡು ಸಲವೂ ಮಂಜು ಸೇತುವೆಯನ್ನು ಪೂರ್ತಿ ನುಂಗಿ ಕೂತಿತ್ತು. ಹಿಂದೆ ಬಿಳಿ ಗೋಡೆ ಇದ್ದಂತೆ ಕಾಣುವ ನನ್ನದೊಂದು ಫೋಟೊ ಇದೆ. ಅದನ್ನು ಮಂಡ್ಯದಲ್ಲಿ ನನ್ನ ಬ್ಲೌಸ್ ಅಂಗಡಿಯ ಗೋಡೆಗೆ ಒರಗಿಯೂ ತೆಗೆಸಿಕೊಳ್ಳಬಹುದಿತ್ತು.

ನಾನು ಅಲ್ಲಿ ಕಣ್ಣು ತುಂಬ ನೋಡಿದ್ದು ಒಂದು ಮುದಿ ಪ್ರಾಣಿಯ ಹೊಟ್ಟೆಯನ್ನು. ಐದು ದಿನ ನೋಡಿದೆ. ಆ ಹೊಟ್ಟೆ ಊದಿಕೊಳ್ಳಲು ನಾನೇ ಕಾರಣ, ಹಾಗಾಗಿ ಇಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಕಾಮೆಂಟಿನಲ್ಲಿ ಬೈಯುವವರು ಧಾರಾಳವಾಗಿ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಸಾಂಟಾ ಕ್ಲಾರಾ, ಶೈಲಾಳ ಮನೆ

ಶೈಲಾ ನನ್ನ ಗಂಡನ ತಂಗಿ. ಪಶುವೈದ್ಯಕೀಯ ಓದಿ, ಮದುವೆಯಾಗಿ ಅಲ್ಲಿಗೆ ಹೋಗಿ, ಅಲ್ಲಿಯ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು ಡಾಕ್ಟರಾದವಳು. ಅಲ್ಲಿನ ನಮ್ಮವರ ಸಮಾರಂಭಗಳಿಗೆ ಹೋದರೆ ಸುತ್ತಲೂ ಕಂಪ್ಯೂಟರಿನವರು, ನಡುವೆ ಇವಳೊಬ್ಬಳು ದನದ ಡಾಕ್ಟರು. "ನಿಮ್ದು ಯಾವ ಕಂಪನಿ?" ಎಂದು ಯಾರಾದರೂ ಕೇಳಿದರೆ "ಮೊಲ, ಗಿಣಿ, ಹಾವು, ಹೀಗೇ ಏನಾದ್ರೂ" ಅನ್ನುತ್ತಾಳೆ. ಕೇಳಿದವರು ಪಲಾವ್ ಕಡೆಗೆ ಹೋಗಿಬಿಡುತ್ತಾರೆ.

ನಾನು ಹೋಗಿ ನಾಲ್ಕನೇ ದಿನಕ್ಕೆ, ಊಟ ಮಾಡುತ್ತಾ ಅವಳೇ ಕೇಳಿದಳು.

"ನಾಳೆ ನನ್ ಪೇಷಂಟ್ ನೋಡಕ್ ಬರ್ತೀರಾ ಅತ್ತಿಗೆ? ಅಜ್ಜಿ. ಹೋದ್ವಾರ ಹಲ್ ಕಿತ್ತಿದೀನಿ."

"ಯಾವ್ ಅಜ್ಜಿನೇ? ನೀನು ಮನುಷ್ಯರ್ ಹಲ್ಲೂ ಕೀಳ್ತೀಯಾ?"

"ಸ್ಲಾತ್. ಮೂವತ್ತು ವರ್ಷ ಆಗಿದೆ ಅದಕ್ಕೆ."

ಫೋನಿನಲ್ಲಿ ತೋರಿಸಿದಳು. ಕೊಂಬೆಗೆ ತಲೆಕೆಳಗಾಗಿ ನೇತಾಡುವ, ಕೆದರಿದ ಕಂದು ಕೂದಲಿನ ಒಂದು ಗಂಟು. ಗಂಟಿನ ಒಂದು ತುದಿಯಲ್ಲಿ ಮುಖ, ಆ ಮುಖದಲ್ಲಿ ಯಾರೋ ಒಳ್ಳೆಯ ಸುದ್ದಿ ಹೇಳಿದಾಗ ಬರುವಂಥ ನಗು. ಅದು ನಗುವಲ್ಲವಂತೆ, ಬಾಯಿಯ ಆಕಾರವೇ ಹಾಗಂತೆ. ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎನ್ನುವ ನಮ್ಮ ಕಡೆಯ ಕರಡಿಗೂ ಇದಕ್ಕೂ ನೆಂಟಸ್ತನವಿಲ್ಲ. ನಮ್ಮ ಕಾಡುಪಾಪದ ಹಾಗೆ ನಿಧಾನ, ಆದರೆ ಅದರ ಕುಲವೂ ಅಲ್ಲ. ದಕ್ಷಿಣ ಅಮೆರಿಕದ ಕಾಡಿನದು, ಇರುವೆ ತಿನ್ನುವ ಪ್ರಾಣಿಗಳ ದಾಯಾದಿ. ಹೆಸರು ಎರಡು ಬೆರಳಿನ ಸ್ಲಾತ್.

ಈಗ ನನ್ನ ತಲೆಯೊಳಗೆ ಏನು ನಡೆಯಿತು ಎಂದು ಹೇಳುತ್ತೇನೆ. ಹಲ್ಲು ಕೀಳಿಸಿಕೊಂಡ ಮುದುಕಿಯನ್ನು ನೋಡಲು ಹೋಗುವುದು. ಬರಿಗೈಯಲ್ಲಿ ಹೋಗುವುದು ಹೇಗೆ? ನಮ್ಮ ಮಂಡ್ಯದ ಆಸ್ಪತ್ರೆಯಲ್ಲಿ ನೋಡಿ, ರೋಗಿ ಕಣ್ಣು ಬಿಟ್ಟಿರಲಿ ಬಿಡಲಿ, ತಲೆದೆಸೆಯಲ್ಲಿ ಅರ್ಧ ಡಜನ್ ಮೂಸಂಬಿ ಇದ್ದೇ ಇರುತ್ತದೆ. ಹಲ್ಲಿನ ರೋಗಿಗೆ ಮೂಸಂಬಿ ಆಗದು, ಮೆತ್ತಗಿನದು ಬೇಕು. ಸನ್ನಿವೇಲ್‌ನ ಗ್ರೋಸರಿಯಲ್ಲಿ ಹಿಂದಿನ ದಿನ ತಂದಿದ್ದ ಪುಟ್ಟ ಬಾಳೆಹಣ್ಣು ಮನೆಯಲ್ಲಿತ್ತು, ನೋಡಲು ನಮ್ಮ ಏಲಕ್ಕಿ ಬಾಳೆಯ ಹಾಗೆ. ಆರು ಹಣ್ಣು ಕಿತ್ತು ಬ್ಯಾಗಿಗೆ ಹಾಕಿಕೊಂಡೆ.

ಮಾರ್ಗನ್ ಹಿಲ್, ಸೋಮವಾರ

ಮಾರ್ಗನ್ ಹಿಲ್ ಊರು ದಾಟಿ, ಒಣಹುಲ್ಲಿನ ಬೋಳುಗುಡ್ಡಗಳ ಕಡೆ ತಿರುಗಿದರೆ ಆ ಜಾಗ. ಮೃಗಾಲಯವಲ್ಲ. ಯಾರಿಗೂ ಬೇಡವಾದ, ಗಾಯಗೊಂಡ, ಮನೆಯಲ್ಲಿ ಕದ್ದು ಸಾಕಿ ಸಿಕ್ಕಿಬಿದ್ದವರಿಂದ ಕಿತ್ತುಕೊಂಡ ಪ್ರಾಣಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರೆ. ಶಾಲೆಯ ಮಕ್ಕಳು ಬಂದು ನೋಡಿ ಹೋಗುತ್ತಾರೆ. ಶೈಲಾ ವಾರಕ್ಕೆರಡು ದಿನ ಅಲ್ಲಿಯ ಡಾಕ್ಟರು.

ಸ್ಲಾತ್‌ನ ಕೋಣೆಯ ಬಾಗಿಲು ತೆಗೆದ ಕೂಡಲೇ ನನ್ನ ಕನ್ನಡಕ ಮಬ್ಬಾಯಿತು. ಒಳಗೆ ಏಪ್ರಿಲ್ ತಿಂಗಳ ಮಂಗಳೂರು. ಬಿಸಿ, ತೇವ, ಮೇಲಿಂದ ಸಣ್ಣಗೆ ನೀರಿನ ಹಬೆ. ಈ ಪ್ರಾಣಿಗೆ ಮೈ ಬಿಸಿ ಇಟ್ಟುಕೊಳ್ಳುವ ಶಕ್ತಿ ನಮ್ಮಷ್ಟಿಲ್ಲವಂತೆ. ಕೋಣೆ ತಣ್ಣಗಾದರೆ ಮೈಯೂ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ಹೊಟ್ಟೆಯಲ್ಲಿ ಎಲೆ ಕೊಳೆಸುವ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಹೊಟ್ಟೆ ತುಂಬ ತಿಂದೂ ಉಪವಾಸ ಸಾಯಬಹುದು.

ಅಲ್ಲಿ ಸ್ಲಾತ್ ಅಜ್ಜಿಯನ್ನು ನೋಡಿಕೊಳ್ಳುವವಳು ರೋಸಾ. ನನ್ನದೇ ವಯಸ್ಸು, ಗಟ್ಟಿ ಕೈ, ಹಿರಿಯರು ಮೆಕ್ಸಿಕೋದವರು. ಸ್ಲಾತ್ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಾಳೆ, ನಮ್ಮ ಜೊತೆ ಇಂಗ್ಲಿಷಿನಲ್ಲಿ.

"ಇವ್ಳ ಹೆಸ್ರು ಟಿಲ್ಲಿ," ಎಂದಳು ಶೈಲಾ.

ಮೂವತ್ತು ವರ್ಷದ ಹಿರಿಯಳನ್ನು ಹಾಗೆ ಮೋಟಾಗಿ ಕರೆಯಲು ನನಗೆ ಮನಸ್ಸು ಬರಲಿಲ್ಲ. "ತಿಲ್ಲಮ್ಮ" ಎಂದೆ. ರೋಸಾ ಒಮ್ಮೆ ಬಾಯಲ್ಲಿ ಹೊರಳಿಸಿ ನೋಡಿದಳು, "ಟಿಲ್ಲಮ್ಮಾ". ಚೆನ್ನಾಗಿ ಕೂತಿತು.

ಮೂವತ್ತು ವರ್ಷ ಬಟ್ಟೆ ಹೊಲಿದವಳು ಯಾರನ್ನು ನೋಡಿದರೂ ಮೊದಲು ಅಳತೆ ನೋಡುತ್ತಾಳೆ. ತಿಲ್ಲಮ್ಮನ ಅಳತೆ ಯಾವ ಪುಸ್ತಕದಲ್ಲೂ ಇಲ್ಲ. ತೋಳಿಗೇ ಅರ್ಧ ಬಟ್ಟೆ ಬೇಕು. ಕುತ್ತಿಗೆಯೋ, ಎಷ್ಟು ಬೇಕಾದರೂ ತಿರುಗುತ್ತದೆ. ಮೈ ಅಲ್ಲಾಡಿಸದೆ ಮುಖವನ್ನು ಮಾತ್ರ ನನ್ನ ಕಡೆಗೆ ತಂದಳು. ನಮಗೆ, ಇಲಿಗೆ, ಜಿರಾಫೆಗೆ ಎಲ್ಲರಿಗೂ ಕುತ್ತಿಗೆಯ ಮೂಳೆ ಏಳೇ ಅಂತೆ. ಈ ಜಾತಿಗೆ ಮಾತ್ರ ಲೆಕ್ಕ ತಪ್ಪಿದೆ, ಕೆಲವಕ್ಕೆ ಐದು, ಕೆಲವಕ್ಕೆ ಆರು. ಕೈಗೆ ಎರಡು ಬೆರಳು, ಕಾಲಿಗೆ ಮೂರು. ಉಗುರೆಂದರೆ ಮಟನ್ ಅಂಗಡಿಯ ಕೊಕ್ಕೆಗಳು. ನನಗೆ ತುಂಬ ಹಿಡಿಸಿದ್ದು ಕೂದಲು. ನಮ್ಮ ನಾಯಿ, ಬೆಕ್ಕು, ಹಸುವಿಗೆ ಕೂದಲು ಬೆನ್ನಿನಿಂದ ಹೊಟ್ಟೆಯ ಕಡೆ ಇಳಿಯುತ್ತದೆ. ಇವಳಿಗೆ ಹೊಟ್ಟೆಯ ನಡುವೆ ಬೈತಲೆ. ಅಲ್ಲಿಂದ ಬೆನ್ನಿನ ಕಡೆಗೆ ಇಳಿಯುತ್ತದೆ. ಜೀವನವೆಲ್ಲ ತಲೆಕೆಳಗಾಗಿ ಇರುವವಳಿಗೆ ಮಳೆ ನೀರು ಜಾರಬೇಕಲ್ಲ. ಹೊಲಿದವನು ಯಾರೋ, ಗಿರಾಕಿ ಹೇಗೆ ನಿಲ್ಲುತ್ತಾಳೆ ಎಂದು ನೋಡಿಕೊಂಡೇ ಕತ್ತರಿಸಿದ್ದಾನೆ.

"ಬಾಯಿ ಹತ್ರ ಕೈ ತಗೊಂಡ್ ಹೋಗ್ಬೇಡಿ," ಎಂದಳು ಶೈಲಾ. "ಮುಂದೆ ಎರಡೆರಡು ಚೂಪು ಹಲ್ಲಿದೆ. ಮೇಲಿಂದು ಕೆಳಗಿಂದು ಮಸ್ಕೊಂಡು ಕತ್ತಿ ಥರ ಆಗುತ್ತೆ. ಈಗ ಮೂರೇ ಇದೆ, ಒಂದರ ಬುಡ ಕೀವಾಗಿತ್ತು, ತೆಗೆದೆ. ಇನ್ನೂ ಹತ್ತು ದಿನ ಆಂಟಿಬಯಾಟಿಕ್."

ಆಗ ಅವಳಿಗೊಂದು ಫೋನು ಬಂತು, ಮಾತಾಡುತ್ತಾ ಹೊರಗೆ ಹೋದಳು. ರೋಸಾ ಬೇಯಿಸಿದ ಗೆಣಸು ತರಲು ಪಕ್ಕದ ಕೋಣೆಗೆ ಹೋದಳು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನನ್ನೂ ತಿನ್ನಿಸಬೇಡಿ ಎಂದು ಬರೆದಿತ್ತು. ಓದಿದೆ. ಅದು ಬಂದು ಹೋಗುವವರಿಗೆ, ಡಾಕ್ಟರ ಮನೆಯವರಿಗಲ್ಲ ಎಂದುಕೊಂಡೆ. ನಮ್ಮಲ್ಲಿ ಯಾವ ಬೋರ್ಡು ತಾನೇ ಮನೆಯವರಿಗೆ ಇರುತ್ತದೆ?

ಸಿಪ್ಪೆ ಸುಲಿದು ಹಿಡಿದೆ. ತಿಲ್ಲಮ್ಮ ಮೂಸಿದಳು. ಆ ಮೂಗು ಕೋಟಿನ ಒದ್ದೆಯಾದ ಮರದ ಗುಂಡಿಯ ಹಾಗಿದೆ. ಬಾಯಿ ತೆರೆದು, ನನ್ನ ಬೆರಳಿಗೆ ತಾಗದಂತೆ, ತುಟಿಯಿಂದಲೇ ತೆಗೆದುಕೊಂಡಳು. ಜಗಿದಳು, ಜಗಿದಳು, ಮತ್ತೆ ಬಾಯಿ ತೆರೆದಳು. ಹೀಗೆ ಕೇಳುವವರಿಗೆ ಇಲ್ಲ ಎನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಶೈಲಾಳ ಫೋನು ಮುಗಿಯಲಿಲ್ಲ, ರೋಸಾಳನ್ನು ಅಲ್ಲೇ ಯಾರೋ ಮಾತಿಗೆ ಹಿಡಿದಿದ್ದರು. ಆರೂ ಹಣ್ಣು ಹೋಯಿತು. ಸಿಪ್ಪೆಗಳನ್ನು ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೆ.

ಸಿಪ್ಪೆ ಬಚ್ಚಿಟ್ಟದ್ದೇ ನೋಡಿ, ತಪ್ಪು ಎಂದು ಒಳಗೆಲ್ಲೋ ಗೊತ್ತಿತ್ತು.

ಲಾಸ್ ಆಲ್ಟೋಸ್, ಮಂಗಳವಾರ

ಮಾರನೆಯ ದಿನ ಬೆಳಿಗ್ಗೆ ಶೈಲಾ ನನ್ನನ್ನು ಲಾಸ್ ಆಲ್ಟೋಸ್‌ನಲ್ಲಿ ತನ್ನ ಪರಿಚಯದ ಗಂಗಕ್ಕನ ಮಗಳ ಮನೆಗೆ ಊಟಕ್ಕೆ ಬಿಟ್ಟು ಕೆಲಸಕ್ಕೆ ಹೋದಳು. ಗಂಗಕ್ಕ ಧಾರವಾಡದವರು, ಎಪ್ಪತ್ತು ದಾಟಿದವರು. ಆ ಊರಿನ ಬೀದಿಯಲ್ಲಿ ಮನುಷ್ಯರ ಸದ್ದೇ ಇಲ್ಲ. ಗೇಟಿನಲ್ಲಿ ನಿಂತು ಪಕ್ಕದ ಮನೆಯವರನ್ನು ಕೂಗಿ ಸಾರೇನು ಎಂದು ಕೇಳುವ ಹಾಗಿಲ್ಲ. ಗಂಗಕ್ಕ ಆ ಕೊರತೆಯನ್ನು ಬಂದವರ ಮೇಲೆ ತೀರಿಸಿಕೊಳ್ಳುತ್ತಾರೆ.

ಬಾಣಂತಿ ನೋಡಿ ಬಂದವಳ ಹಾಗೆ ನಾನು ತಿಲ್ಲಮ್ಮನ ಕಥೆ ಹೇಳಿದೆ. ಹಣ್ಣು ತಿನ್ನಿಸಿದ್ದನ್ನೂ ಹೇಳಿದೆ, ಬಡಾಯಿಯಿಂದಲೇ ಹೇಳಿದೆ.

"ಆರೂ ತಿಂತೇನ್ರೀ?" ಎಂದರು ಗಂಗಕ್ಕ.

"ಆರೂ. ಇನ್ನೊಂದ್ ಡಜನ್ ಇದ್ದಿದ್ರೂ ತಿನ್ನೋಳು."

ಅವರ ಮೊಮ್ಮಗಳು, ಹತ್ತು ವರ್ಷದವಳು, ರೊಟ್ಟಿ ಮುರಿಯುತ್ತಾ ತಲೆಯೆತ್ತಿದಳು. "ಆಂಟೀ, ವರ್ ಯು ಅಲೌಡ್ ಟು?"

"ಊಟಾ ಮಾಡು ನೀ," ಎಂದರು ಗಂಗಕ್ಕ. ಆದರೆ ಅವರೂ ನನ್ನನ್ನೇ ನೋಡಿದರು.

ಊಟ ಮುಗಿಯುವ ಮೊದಲೇ ಶೈಲಾಳ ಫೋನು ಬಂತು.

"ಅತ್ತಿಗೆ, ನಿಮ್ಮನ್ನ ಬೇಗ ಪಿಕ್ ಮಾಡ್ತೀನಿ. ಮಾರ್ಗನ್ ಹಿಲ್‌ಗೆ ಹೋಗ್ಬೇಕು, ನೀವೂ ಬನ್ನಿ, ಮನೆಗ್ ಬಿಟ್ ಹೋಗೋವಷ್ಟು ಟೈಮಿಲ್ಲ. ಟಿಲ್ಲಿ ಬೆಳಗ್ಗೆಯಿಂದ ಏನೂ ಮುಟ್ಟಿಲ್ಲ. ಹೊಟ್ಟೆ ಊದಿದೆ, ಜೊಲ್ಲು ಸುರಿಸ್ತಿದಾಳಂತೆ."

ತುತ್ತನ್ನು ತಟ್ಟೆಗೇ ಬಿಟ್ಟೆ. "ಯಾಕಂತೆ?"

"ನಾನ್ ಕೊಟ್ಟಿರೋ ಆಂಟಿಬಯಾಟಿಕ್ಕೇ ಇರ್ಬೇಕು. ಹೊಟ್ಟೆಲಿರೋ ಒಳ್ಳೆ ಬ್ಯಾಕ್ಟೀರಿಯಾನೂ ಸತ್ತೋಗಿರುತ್ತೆ. ನಿಲ್ಸಿದೀನಿ. ಇಲ್ಲಾಂದ್ರೆ ಕರುಳಲ್ಲಿ ಏನೋ ಸಿಕ್ಕಾಕೊಂಡಿದೆ. ನಾಳೆ ಬೆಳಗ್ಗೆ ಅನಸ್ತೇಶಿಯಾ ಕೊಟ್ಟು ಎಕ್ಸ್‌ರೇ ತೆಗೀಬೇಕು, ಒಳಗ್ ನೋಡ್ಬೇಕು. ಈ ವಯಸ್ಸಲ್ಲಿ, ತುಂಬಿದ ಹೊಟ್ಟೆಲಿ. ಎದ್ದೇಳ್ತಾಳೋ ಇಲ್ವೋ."

ಫೋನಿಟ್ಟಳು. ನಾನು ಗಂಗಕ್ಕನಿಗೆ ಹೇಳಿದೆ. ಅವರು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಆಕಿಗೆ ಹೇಳೀರೇನು ಹಣ್ಣಿಂದು?"

"ಇಲ್ಲ."

"ಮತ್ತ?"

"ಹೇಳುದ್ರೆ ಏನಂದ್ಕೋತಾಳೋ ಗಂಗಕ್ಕ. ಅವಳ್ ಕೆಲ್ಸದ್ ಜಾಗ. ಅಣ್ಣನ್ ಹೆಂಡ್ತಿ ಬಂದು ಹಿಂಗ್ ಮಾಡದ್ಲು ಅಂತ..."

"ಹಂಗಂದ್ರ ಡಾಕ್ಟರ್‌ಗೆ ಗೊತ್ತಿಲ್ಲದ ರೋಗಕ್ಕ ಔಷಧಾ ಕೊಡ್ತಾಳ ಆಕಿ. ನಿಮ್ಮ ಮರ್ಯಾದಿ ಉಳೀತದ, ಆ ಮುದುಕಿ ಹೋಗ್ತಾಳ." ಕೈ ತೊಳೆಯಲು ಎದ್ದು ನಿಂತು ಮತ್ತೆ ಹೇಳಿದರು, "ಹೊಸ್ತಲಾ ದಾಟಿದ ಕೂಡ್ಲೇ ಹೇಳ್ರಿ. ದಾರಿ ಉದ್ದ ಆದಂಗ ಬಾಯಿ ಕಟ್ಟತದ."

ಲಾಸ್ ಗ್ಯಾಟೋಸ್ ದಾಟುವಾಗ

ಹೊಸ್ತಿಲು ದಾಟಿದ ಕೂಡಲೇ ಹೇಳಲಿಲ್ಲ. ಕಾರು ಹತ್ತಿದೆ, ಬೆಲ್ಟು ಹಾಕಿಕೊಂಡೆ, ಫ್ರೀವೇ ಬಂತು. ಕುಪರ್ಟಿನೋ ಹೋಯಿತು, ಸಾರಾಟೋಗಾ ಹೋಯಿತು. ಅಲ್ಲಿಯ ಫ್ರೀವೇಯಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ. ನಮ್ಮ ಮೈಸೂರು ರಸ್ತೆಯಾಗಿದ್ದರೆ ಆ ಗದ್ದಲದಲ್ಲಿ ಹೇಳಿಬಿಡುತ್ತಿದ್ದೆ, ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಇಲ್ಲಿ ಕಾರೊಳಗೆ ಉಸಿರಾಡಿದರೂ ಕೇಳುತ್ತದೆ.

ಶೈಲಾ ಒಂದೇ ಸಮನೆ ಔಷಧದ ಪ್ರಮಾಣ ಗೊಣಗುತ್ತಿದ್ದಳು. ಆಂಟಿಬಯಾಟಿಕ್ ನಿಲ್ಲಿಸಿದರೆ ದವಡೆಯ ಕೀವು ಮತ್ತೆ ಬರುತ್ತದೆ, ನಿಲ್ಲಿಸದಿದ್ದರೆ ಹೊಟ್ಟೆ. "ನಾನೇ ಕೊಂದಂಗಾಯ್ತು ಅವಳ್ನ," ಎಂದಳು, ನನಗಲ್ಲ, ಗಾಜಿಗೆ.

ಲಾಸ್ ಗ್ಯಾಟೋಸ್ ಎಂಬ ಬೋರ್ಡು ತಲೆ ಮೇಲೆ ಹಾದುಹೋಯಿತು.

"ಶೈಲಾ, ನಿನ್ನೆ ನಾನು ಅವ್ಳಿಗೆ ಬಾಳೆಹಣ್ಣು ಕೊಟ್ಬುಟ್ಟೆ."

ಒಂದು ಎಕ್ಸಿಟ್ ಹೋಯಿತು, ಇನ್ನೊಂದು ಹೋಯಿತು.

"ಎಷ್ಟು?"

"ಆರು. ಪುಟ್ಟವು."

"ಕಾಯಾಗಿತ್ತಾ, ಹಣ್ಣಾಗಿತ್ತಾ?"

"ಚೆನ್ನಾಗ್ ಕಳ್ತಿತ್ತು. ಹಲ್ಲಿಲ್ದೋಳು ಅಂತ ಮೆತ್ತಗಿರದೇ ಆರ್ಸ್ದೆ."

"ಸಿಪ್ಪೆ?"

"ಸುಲ್ದೇ ಕೊಟ್ಟೆ. ನಾನೇನ್ ಮೃಗವಾ?"

"ಎಷ್ಟೊತ್ತಿಗೆ?"

"ನೀನ್ ಫೋನಲ್ಲಿದ್ಯಲ್ಲ, ಆಗ."

"ಗೋಡೆ ಮೇಲೆ ಬರ್ದಿದೆ ಅತ್ತಿಗೆ."

"ಓದ್ದೆ."

ನಾನು ಬೈಗುಳಕ್ಕೆ ಕಾದೆ. ಅವಳು ಕಾರಿನ ಫೋನಿನಲ್ಲಿ ರೋಸಾಳಿಗೆ ಕರೆ ಮಾಡಿದಳು. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಇಷ್ಟು ತಿಳಿಯಿತು: ನಾಳೆಯ ಅನಸ್ತೇಶಿಯಾ ಬೇಡ. ಆಂಟಿಬಯಾಟಿಕ್ ಮತ್ತೆ ಶುರು ಮಾಡು. ಕೋಣೆ ಇನ್ನೂ ಸ್ವಲ್ಪ ಬಿಸಿ ಮಾಡು. ಸ್ಕ್ಯಾನಿಂಗ್ ಮೆಷಿನ್ ತೆಗೆದಿಡು. 'ಬನಾನಾ' ಎಂಬುದು ಮೂರು ಸಲ ಬಂತು, ಮೂರು ಸಲವೂ ನಾನು ಸೀಟಿನಲ್ಲಿ ಕುಗ್ಗಿದೆ.

ಫೋನಿಟ್ಟ ಮೇಲೆ ಹೇಳಿದಳು, "ಹಬ್ಬದ್ ದಿನ ಹಸುಗೆ ಬಕೆಟ್‌ಗಟ್ಲೆ ಅನ್ನ ಹಾಕಿ ಹೊಟ್ಟೆ ಉಬ್ಬರ್ಸ್ಕೊಂಡು ಬೀಳುತ್ತಲ್ಲ ಊರಲ್ಲಿ. ಅದೇ ಇದು. ಇವಳದ್ದೂ ಹಸು ಥರ ಕೋಣೆ ಕೋಣೆ ಇರೋ ಹೊಟ್ಟೆ. ಎಲೆಗೆ ಅಂತ ಇರೋದು. ಸಕ್ಕರೆ ಬಿದ್ರೆ ಹುಳಿ ಬಂದು ಗ್ಯಾಸ್ ಆಗುತ್ತೆ."

ಮಂಡ್ಯದಲ್ಲಿ ಹುಟ್ಟಿದವಳಿಗೆ ಇದನ್ನು ಹೇಳಿಕೊಡಬೇಕಾಯಿತು. ನಮ್ಮ ಓಣಿಯಲ್ಲೇ ಹಾಗೆ ಹೋದ ಹಸು ನೋಡಿದ್ದೇನೆ. ಕೊಟ್ಟಿಗೆಯಲ್ಲಿದ್ದದ್ದಕ್ಕೆ ಹಸುವಿನ ಲೆಕ್ಕ, ಹೆಸರಿಟ್ಟು ನಗುವ ಮುಖವಿದ್ದದ್ದಕ್ಕೆ ನೆಂಟರ ಲೆಕ್ಕ.

"ಬದುಕ್ತಾಳಾ?" ಎಂದೆ.

"ಹಸು ಆದ್ರೆ ಒಂದಿನದಲ್ಲಿ ಗೊತ್ತಾಗುತ್ತೆ. ಇವಳದ್ದು ಎಲ್ಲಾ ನಿಧಾನ. ಗ್ಯಾಸು ಎದೆ ಕಡೆ ಒತ್ತಿ ಉಸಿರು ಕಟ್ಟಬಾರ್ದು. ಆಮೇಲೆ ಅವಳು ಕೆಳಗಿಳಿದು ಕಕ್ಕ ಮಾಡ್ಬೇಕು. ಮಾಡಿದ್ರೆ ಗೆದ್ವಿ."

"ಯಾವಾಗ್ ಮಾಡ್ತಾಳೆ?"

"ವಾರಕ್ಕೊಂದ್ಸಲ. ಮಾಡಿ ಆರು ದಿನ ಆಯ್ತು."

ಮಾರ್ಗನ್ ಹಿಲ್, ಕಾಯುವ ದಿನಗಳು

ತಿಲ್ಲಮ್ಮ ಮೂಲೆಯ ಕೊಂಬೆಯಲ್ಲಿ ಮೈ ಮುದುರಿ ನೇತಾಡುತ್ತಿದ್ದಳು. ಬಾಯಿಯ ಆಕಾರ ಮಾತ್ರ ಅದೇ, ನಗುವಿನದು. ಹೊಟ್ಟೆ ನೋವಿದ್ದರೂ ನಕ್ಕಂತೆ ಕಾಣುವುದು ಎಂಥ ಶಿಕ್ಷೆ. ನೋವು ಎಂದು ಹೇಳಲು ಮುಖವೇ ಇಲ್ಲ.

ಶೈಲಾ ಮೊದಲು ಸ್ಕ್ಯಾನಿಂಗ್ ಮಾಡಿದಳು. ಪರದೆಯ ತುಂಬ ಬಿಳಿ ಮೋಡ, ಅದು ಗಾಳಿಯಂತೆ. ಕರುಳಿಗೆ ಏನೂ ಸಿಕ್ಕಿಕೊಂಡಿರಲಿಲ್ಲ. ಗ್ಯಾಸು ಒಡೆಯುವ ಔಷಧವನ್ನು ಸಿರಿಂಜಿನಿಂದ ಹನಿಹನಿಯಾಗಿ ಬಾಯಿಯ ಮೂಲೆಗೆ ಬಿಟ್ಟಳು. ಚರ್ಮದ ಕೆಳಗೆ ಬೆಚ್ಚಗಿನ ಸಲೈನ್ ಕೊಟ್ಟಳು. ಇಂಜೆಕ್ಷನ್ ಚುಚ್ಚಲು ಮೈಯಲ್ಲಿ ಮಾಂಸವೇ ಕಡಿಮೆ. ಇವಳು ಹಿಡಿತದ ಮೇಲೆ ಬದುಕುವ ಪ್ರಾಣಿ, ಓಡಾಟದ ಮೇಲಲ್ಲ.

"ಹಿಂಗು ಕಲ್ಸಿ ಹೊಕ್ಕುಳಿಗೆ ಹಚ್ಚುದ್ರೆ?" ಎಂದೆ. ನಮ್ಮ ಮನೆಯ ನಾಲ್ಕು ಕೂಸುಗಳ ಹೊಟ್ಟೆಯನ್ನು ನಾನು ಹಾಗೇ ಇಳಿಸಿದ್ದೇನೆ.

"ಆ ಕೂದಲಲ್ಲಿ ಹೊಕ್ಕುಳು ಹುಡುಕ್ಕೊಡಿ ಮೊದ್ಲು," ಎಂದಳು ಶೈಲಾ. ಕಾರಿನಲ್ಲಿ ಹಣ್ಣಿನ ವಿಷಯ ಹೇಳಿದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ತಮಾಷೆ ಅದು. ನಾನು ಅದನ್ನು ಜೋಪಾನವಾಗಿ ಇಟ್ಟುಕೊಂಡೆ.

ಬುಧವಾರ ಬೆಳಿಗ್ಗೆ ಹೊಟ್ಟೆಯ ಸುತ್ತಳತೆ ಅಳೆಯಬೇಕಾಗಿತ್ತು. ಊತ ಹೆಚ್ಚಾಯಿತೋ ಇಳಿಯಿತೋ ಎಂದು ತಿಳಿಯುವುದು ಹಾಗೇ. ರೋಸಾ ಟೇಪು ಹಿಡಿದು ಮೂರು ಸಲ ಅಳೆದಳು, ಮೂರು ಸಲವೂ ಬೇರೆ ಬೇರೆ ಬಂತು. ಕೂದಲ ಮೇಲೆ ಟೇಪು ಜಾರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಬ್ಯಾಗಿನಿಂದ ನನ್ನ ಟೇಪು ತೆಗೆದೆ. ಅದು ಪಾಸ್‌ಪೋರ್ಟ್ ಇಲ್ಲದಿದ್ದರೂ ನನ್ನ ಜೊತೆ ಇರುತ್ತದೆ.

"ತಿಲ್ಲಮ್ಮನ್ನ ಇಡ್ಕೊಳ್ಳಿ ಅಂತ ಹೇಳು ರೋಸಾಗೆ. ಉಸ್ರು ಬಿಟ್ಟಾಗ ಅಳೀಬೇಕು, ಎಳ್ಕೊಂಡಾಗ ಅಲ್ಲ. ಕೂದ್ಲು ಬೈತಲೆ ಕಡೆಯಿಂದ ಬಿಡ್ಸಿ, ಚರ್ಮಕ್ಕೆ ಸೇರಂಗೆ."

ಶೈಲಾ ನನ್ನನ್ನು ಒಂದು ಕ್ಷಣ ನೋಡಿದಳು. ಗ್ಲೌಸ್ ಕೊಟ್ಟಳು. ರೋಸಾ ಮುಂದಿನ ಕೈಗಳನ್ನೂ ತಲೆಯನ್ನೂ ನೋಡಿಕೊಂಡಳು, ನಾನು ಅಳೆದೆ. ಎರಡು ಸಲ ಅಳೆದೆ, ಎರಡೂ ಒಂದೇ.

"ಇಪ್ಪತ್ತೆಂಟೂವರೆ."

"ಸೆಂಟಿಮೀಟರಲ್ಲಿ ಹೇಳಿ ಅತ್ತಿಗೆ."

"ನಂಗೆ ಇಂಚೇ ಬರೋದು. ನೀನ್ ಓದ್ದೋಳು, ನೀನ್ ಮಾಡ್ಕೊ."

ಅಂದಿನಿಂದ ಬೆಳಿಗ್ಗೆ ಸಂಜೆ ಅಳತೆ ನನ್ನದು. ಜೊತೆಗೆ ರೋಸಾ ಇನ್ನೊಂದು ಕೆಲಸ ಕೊಟ್ಟಳು. ಅರ್ಧ ಗಂಟೆಗೊಮ್ಮೆ ಪಕ್ಕೆ ಏರಿಳಿಯುವುದನ್ನು ಎಣಿಸಿ ಚೀಟಿಯಲ್ಲಿ ಬರೆಯಬೇಕು. ನೇತಾಡುತ್ತಿದ್ದಾಳಲ್ಲ, ಬಿದ್ದರೆ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ರೋಸಾ ತಲೆಯಾಡಿಸಿದಳು. ಇವರು ಸತ್ತರೂ ಕೆಲವೊಮ್ಮೆ ಬೀಳುವುದಿಲ್ಲವಂತೆ. ಉಗುರು ಹಿಡಿದದ್ದು ಹಿಡಿದ ಹಾಗೇ ಇರುತ್ತದಂತೆ.

ಅದನ್ನು ಕೇಳಿದ ಮೇಲೆ ನಾನು ಅರ್ಧ ಗಂಟೆ ಕಾಯಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕೂತೇ ಬಿಟ್ಟೆ. ತಿಲ್ಲಮ್ಮ ಉಸಿರು ತೆಗೆದುಕೊಳ್ಳುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ತೆಗೆದುಕೊಳ್ಳುವ ತನಕ ನಾನು ನನ್ನದನ್ನು ಹಿಡಿದಿರುತ್ತೇನೆ. ಒಂದು ಸಲ ಆ ನಡುವಿನ ಹೊತ್ತು ಎಷ್ಟು ಉದ್ದವಾಯಿತೆಂದರೆ ನಾನು "ರೋಸಾ" ಎಂದು ಕೂಗಿದೆ. ರೋಸಾ ಓಡಿ ಬಂದಳು. ತಿಲ್ಲಮ್ಮ ಒಂದು ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿ ಮುಚ್ಚಿದಳು.

ಊಟದ ಹೊತ್ತಿಗೆ ರೋಸಾ ನನ್ನ ಚಿತ್ರಾನ್ನ ತಿಂದಳು, ನಾನು ಅವಳ ಬೀನ್ಸ್ ಅನ್ನ ತಿಂದೆ. ಅವಳ ಅಜ್ಜಿ ಆಸ್ಪತ್ರೆಗೆ ಯಾರನ್ನು ನೋಡಲು ಹೋದರೂ ಕಿತ್ತಲೆ ಒಯ್ಯುತ್ತಿದ್ದಳಂತೆ. ಸಕ್ಕರೆ ಕಾಯಿಲೆಯವರಿಗೂ. ನರ್ಸುಗಳು ಅಜ್ಜಿ ಬಂದ ಕೂಡಲೇ ಚೀಲ ಇಸಿದುಕೊಳ್ಳುತ್ತಿದ್ದರಂತೆ. "ನಾಳೆಯಿಂದ ನಿನ್ನ ಬ್ಯಾಗನ್ನೂ ನೋಡುತ್ತೇನೆ" ಎಂದು ಕೈಸನ್ನೆ ಮಾಡಿದಳು. ನಿಜವಾಗಿಯೂ ನೋಡಿದಳು. ಗುರುವಾರ, ಶುಕ್ರವಾರ ಎರಡೂ ದಿನ.

ಗುರುವಾರ ಇಪ್ಪತ್ತೆಂಟೂವರೆಯೇ. ಏರಲಿಲ್ಲ, ಇಳಿಯಲೂ ಇಲ್ಲ. ಶೈಲಾಳ ಮುಖ ನೋಡಿದರೆ ಸಾಕು, ಕೇಳಬೇಕಾಗಿರಲಿಲ್ಲ. ಅಂದು ಮಧ್ಯಾಹ್ನ ದೊಡ್ಡ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿಸಿದರು. ಕೊಂಬೆಯಿಂದ ಬಿಡಿಸಿ ಒಂದು ಕೋಲಿಗೆ ಹಿಡಿಸಿ, ಆ ಕೋಲನ್ನೇ ಟಬ್ಬಿನ ಮೇಲಿಟ್ಟು ನಿಧಾನಕ್ಕೆ ಇಳಿಸಿದರು. ಬಿಸಿ ನೀರಿಗೆ ಕರುಳು ಸಡಿಲವಾಗುತ್ತದಂತೆ. ನನ್ನ ಕೈಗೆ ಒಂದು ಮಗ್ಗು. ಕೂಸಿಗೆ ನೀರು ಹಾಕುವ ಹಾಗೆ ಅಂಗೈ ಅಡ್ಡ ಹಿಡಿದು, ಹೊಟ್ಟೆಯ ಮೇಲೆ ಸಣ್ಣಗೆ ಸುರಿದೆ. ನೀರು ಬೈತಲೆಯಿಂದ ಎರಡು ಕಡೆಗೂ ಜಾರಿತು. ಶೈಲಾ ಕೈಯಿಟ್ಟು ವೃತ್ತ ವೃತ್ತವಾಗಿ ಒತ್ತುತ್ತಿದ್ದಳು.

"ಅಮ್ಮ ಹಿಂಗೇ ಮಾಡ್ತಿದ್ರು ನಂಗೆ," ಎಂದಳು ಇದ್ದಕ್ಕಿದ್ದಂತೆ.

"ನಿಂಗ್ ಮಾತ್ರ ಅಲ್ಲ. ನಿಮ್ಮಣ್ಣಂಗೂ. ಅವರ್ ಹೊಟ್ಟೆ ಇನ್ನೂ ಇಳ್ದಿಲ್ಲ."

ಅವಳು ನಕ್ಕಳು. ಅಷ್ಟರಲ್ಲಿ ನೀರಿನಲ್ಲಿ ದೊಡ್ಡದೊಂದು ಗುಳ್ಳೆ ಎದ್ದು ಒಡೆಯಿತು. ಮೂವರೂ ಟಬ್ಬಿನ ಮೇಲೆ ಬಗ್ಗಿದೆವು. ಇನ್ನೊಂದು ಎದ್ದಿತು. ವಾಸನೆ ಬಂದಾಗ ರೋಸಾ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾದಪ್ಪನಿಗೆ ಹರಕೆ ಹೇಳಿಕೊಂಡೆ. ಒಬ್ಬರ ಹೊಟ್ಟೆಯಿಂದ ಗಾಳಿ ಹೋದದ್ದಕ್ಕೆ ಎರಡು ದೇಶದ ಹೆಂಗಸರು ಅಷ್ಟು ಸಂತೋಷಪಟ್ಟದ್ದು ನಾನು ಬೇರೆಲ್ಲೂ ನೋಡಿಲ್ಲ.

ಶುಕ್ರವಾರ ಬೆಳಿಗ್ಗೆ ಇಪ್ಪತ್ತೇಳು ಮುಕ್ಕಾಲು. ಸಂಜೆ ಇಪ್ಪತ್ತೇಳು. ಒಂದು ಎಲೆ ಮೂಸಿದಳು, ತಿನ್ನಲಿಲ್ಲ.

"ಗ್ಯಾಸ್ ಹೋಯ್ತು," ಎಂದಳು ಶೈಲಾ. "ಹೊಟ್ಟೆ ಕೆಲ್ಸ ಶುರು ಮಾಡಿದ್ಯಾ ಅಂತ ಇನ್ನೂ ಗೊತ್ತಿಲ್ಲ. ಇಳೀಬೇಕು ಅವಳು."

ಮಾರ್ಗನ್ ಹಿಲ್, ಶನಿವಾರ

ಬೆಳಿಗ್ಗೆ ಒಂಬತ್ತರ ಸುಮಾರಿಗೆ ತಿಲ್ಲಮ್ಮನ ಒಂದು ಕೈ ಕೊಂಬೆ ಬಿಟ್ಟಿತು. ಗಾಳಿಯಲ್ಲಿ ಏನನ್ನೋ ಹುಡುಕಿತು. ಪಕ್ಕದ ಕಂಬ ಸಿಕ್ಕಿತು. ಇನ್ನೊಂದು ಕೈ ಬರುವಷ್ಟರಲ್ಲಿ ನಾನು ಒಂದು ಕಾಫಿ ಕುಡಿದು ಮುಗಿಸಬಹುದಿತ್ತು. ಆದರೆ ಕಾಫಿ ಆರುತ್ತಾ ಕೈಯಲ್ಲೇ ಇತ್ತು.

ತಲೆ ಕೆಳಗೆ ಮಾಡಿ ಇಳಿಯತೊಡಗಿದಳು. ರೋಸಾ ಕೆಳಗೆ ಟ್ರೇ ಸರಿಸಿ ಪಕ್ಕಕ್ಕೆ ಬಂದು ನಿಂತಳು. ಅಲ್ಲೇ ಮಾಡುವುದು ತಿಲ್ಲಮ್ಮನ ಪದ್ಧತಿ, ಆ ಮೂಲೆ ಬಿಟ್ಟು ಬೇರೆಲ್ಲೂ ಮಾಡುವವಳಲ್ಲ. ಅರ್ಧ ದಾರಿಗೆ ಬಂದು ನಿಂತಳು. ನಿಂತೇ ಇದ್ದಳು. ವಾಪಸು ಹತ್ತುತ್ತಾಳೆ ಎಂದು ನನಗನ್ನಿಸಿತು.

"ಮಾತಾಡ್ಬೇಡಿ," ಎಂದಳು ಶೈಲಾ, ನಾನು ಬಾಯಿ ತೆರೆಯುವ ಮೊದಲೇ. ಅವಳ ಕೈ ನನ್ನ ಮುಂಗೈಯನ್ನು ಹಿಡಿದಿತ್ತು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

ತಿಲ್ಲಮ್ಮ ಇಳಿದಳು. ಕೆಳಗಿನ ಕೋಲನ್ನು ತಬ್ಬಿಕೊಂಡಳು. ಕಣ್ಣು ಅರ್ಧ ಮುಚ್ಚಿದಳು. ಆಮೇಲೆ ಟ್ರೇಯಲ್ಲಿ ಮೊದಲ ಸದ್ದು ಬಂತು, ಆಡಿನ ಹಿಕ್ಕೆ ಬೀಳುವ ಸದ್ದು. ಗಟ್ಟಿ, ಕಪ್ಪು, ಗುಂಡು ಗುಂಡಾದ ಒಳ್ಳೆಯ ಹಿಕ್ಕೆ. ಬೀಳುತ್ತಲೇ ಇತ್ತು. ಇಷ್ಟು ಪುಟ್ಟ ಮೈಯಲ್ಲಿ ಇಷ್ಟೆಲ್ಲಾ ಎಲ್ಲಿತ್ತೋ. ಶೈಲಾ ನೆಲದ ಮೇಲೆ ಕೂತುಬಿಟ್ಟಳು. ಕಣ್ಣು ಒರೆಸಿಕೊಳ್ಳುತ್ತಾ ಗ್ಲೌಸ್ ಹಾಕಿಕೊಂಡು, ಒಂದನ್ನು ಎತ್ತಿ ಒಡೆದು ನೋಡಿದಳು.

"ಎಲೆ ನಾರು," ಎಂದಳು. "ಅರಗಿದೆ."

ಆಮೇಲೆ ತಿಲ್ಲಮ್ಮನನ್ನು ತೂಗುವ ತಕ್ಕಡಿಯ ಕೋಲಿಗೆ ಹಿಡಿಸಿ ತೂಕ ಬರೆದುಕೊಂಡರು. ಬಾಗಿಲಿಗೆ ತೂಗುಹಾಕಿದ್ದ ಅವಳ ಫೈಲನ್ನು ರೋಸಾ ಮೇಜಿನ ಮೇಲಿಟ್ಟಿದ್ದಳು. ಅದರಲ್ಲಿ ಮಂಗಳವಾರದ ಹಾಳೆ ಕಾಣಿಸಿತು. ಶೈಲಾಳ ಕೈಬರಹ ನನಗೆ ಗೊತ್ತು. ಎರಡು ಸಲ ಓದಿದೆ. ರೋಗಿಯ ಜೊತೆ ಮನೆಯವರನ್ನು ಬಿಟ್ಟು ಹೊರಗೆ ಹೋದೆ, ತಪ್ಪು ಆಹಾರ ಸೇರಲು ನಾನು ಕಾರಣ ಎಂದು ಬರೆದು ಸಹಿ ಹಾಕಿದ್ದಳು. ಅದರ ಕೆಳಗೆ ಬೇರೆ ಅಕ್ಷರ. ಕೋಣೆಯಲ್ಲಿ ಇರಬೇಕಾದವಳು ನಾನು, ನಾನೂ ಇರಲಿಲ್ಲ ಎಂದು ರೋಸಾ ಬರೆದಿದ್ದಳು.

ಮಂಗಳವಾರದಿಂದ ಇಬ್ಬರೂ ನನಗೆ ಈ ಮಾತು ಹೇಳಿರಲಿಲ್ಲ.

ಪೆನ್ನು ಕೇಳಿದೆ. ರೋಸಾ ಜೇಬಿನಿಂದ ಕೊಟ್ಟಳು. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಯಾವುದೋ ಪದ ತಪ್ಪಿ ಅರ್ಥ ಕೆಟ್ಟೀತು ಎಂದು, ಅವರಿಬ್ಬರ ಸಹಿಯ ಕೆಳಗೆ ಕನ್ನಡದಲ್ಲೇ ಬರೆದೆ. "ಹಣ್ಣು ಕೊಟ್ಟವಳು ನಾನು. ಇವರಿಬ್ಬರ ತಪ್ಪಿಲ್ಲ. ಸುಮಿತ್ರಾ, ಮಂಡ್ಯ."

ಶೈಲಾ ಬಗ್ಗಿ ನೋಡಿದಳು. "ಇದನ್ನ ಇಲ್ಲಿ ಯಾರ್ ಓದ್ತಾರೆ ಅತ್ತಿಗೆ?"

"ನೀನ್ ಓದ್ದ್ಯಲ್ಲ."

ಅವಳು ಪೆನ್ನು ತೆಗೆದುಕೊಂಡು ನನ್ನ ಸಾಲಿನ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದಳು, ಒಂದು ಪದವನ್ನೂ ಮೆದು ಮಾಡದೆ. ರೋಸಾ ಓದಿದಳು. ಫೈಲು ಮುಚ್ಚಿ, ತಿಂಡಿಯ ಬಟ್ಟಲಿನಿಂದ ಬೇಯಿಸಿದ ಒಂದು ಹುರುಳಿಕಾಯಿ ತೆಗೆದು ನನ್ನ ಕಡೆ ಚಾಚಿದಳು. ಒಂದೇ ಒಂದು. ನಾನು ಶೈಲಾಳ ಮುಖ ನೋಡಿದೆ.

"ಕೊಡಿ," ಎಂದಳು.

ತಿಲ್ಲಮ್ಮ ಮೂಸಿದಳು. ತುಟಿಯಿಂದ ತುದಿ ಹಿಡಿದಳು, ಕಿತ್ತ ಹಲ್ಲಿನ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ಜಗಿಯತೊಡಗಿದಳು. ನಾಲ್ಕು ದಿನದ ಮೇಲೆ ಮೊದಲ ತುತ್ತು. ನನ್ನ ಕೈ ಸೋಲತೊಡಗಿತು. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟು, ಅವಳು ಅದನ್ನು ತುದಿಯ ತನಕ ತಿಂದು ಮುಗಿಸುವವರೆಗೆ ಹಾಗೇ ನಿಂತೆ.